ಗುರುಪಾದಪ್ಪನ ನಾಲಿಗೆಯ ನೂಲು

ಧಾರವಾಡದ ಬಸ್ ನಿಲ್ದಾಣದಲ್ಲಿ ಗುರುಪಾದಪ್ಪನ ಮುಖ ಕಂಡವರು ಕಡಿಮೆ, ದನಿ ಕೇಳದವರು ಯಾರೂ ಇಲ್ಲ. ಮೂಲೆಯ ಗಾಜಿನ ಗೂಡಿನೊಳಗೆ ಕೂತು, ಮೈಕನ್ನು ಒಮ್ಮೆ ಉಫ್ ಎಂದು ಊದಿ, "ಪ್ರಯಾಣಿಕರ ಗಮನಕ್ಕೆ" ಎಂದನೆಂದರೆ ಶೇಂಗಾ ಮಾರುವವನೂ ಬಾಯಿ ಮುಚ್ಚುತ್ತಿದ್ದ. ಆ ಹೊತ್ತಿಗೆ ಬೇರೆ ಊರುಗಳಲ್ಲೆಲ್ಲ ಬಸ್ಸಿನ ಹೆಸರನ್ನು ಯಂತ್ರಗಳೇ ಕೂಗುತ್ತಿದ್ದವು. ಇಲ್ಲಿಯೂ ಒಂದನ್ನು ತಂದು ಕೂರಿಸಿದ್ದರು. ಅದು ಅಣ್ಣಿಗೇರಿಯನ್ನೂ ಅಳ್ನಾವರವನ್ನೂ ಸತ್ತವರ ಹೆಸರು ಓದಿದಂತೆ ಓದಿತು. ಜನ ಗಲಾಟೆ ಮಾಡಿದರು. ಯಂತ್ರ ಗೋದಾಮು ಸೇರಿತು, ಗುರುಪಾದಪ್ಪ ಮತ್ತೆ ಗೂಡು ಸೇರಿದ.

ಅಂಥವನ ನಾಲಿಗೆಯ ಎಡ ಅಂಚಿನಲ್ಲೊಂದು ಹುಣ್ಣು ಎದ್ದು, ಮಾಯದೆ, ಗಂಟುಕಟ್ಟಿ ಕೂತಿತು. ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತಿಕೊಳ್ಳುವ ಚಟ ಅವನಿಗೆ ಮೀಸೆ ಬರುವ ಮೊದಲೇ ಬಂದಿತ್ತು. ಮೀಸೆ ಬೆಳ್ಳಗಾದ ಮೇಲೆ ಅದು ತನ್ನ ಪಾಲು ಕೇಳಿತು.

"ಅರ್ಧ ನಾಲಿಗಿ ತೆಗೀಬೇಕಾಗ್ತದ," ಎಂದರು ಶಸ್ತ್ರಚಿಕಿತ್ಸಕ ಡಾಕ್ಟರ್ ಇನಾಮದಾರ. ಸುತ್ತಿ ಬಳಸಿ ಮಾತಾಡುವುದು ಅವರ ಜಾಯಮಾನದಲ್ಲಿ ಇರಲಿಲ್ಲ. "ತೊಡಿ ಮಾಂಸ ತಂದು ಕೂಡಸ್ತೀವಿ. ಉಣ್ಣಲಿಕ್ಕೆ ಬರ್ತದ. ಮಾತೂ ಬರ್ತದ, ಮನಿಮಂದಿಗೆ ತಿಳಿಯುವಷ್ಟು."

"ಊರಮಂದಿಗೆ?" ಎಂದು ಕೇಳಿದ ಗುರುಪಾದಪ್ಪ.

ಇನಾಮದಾರರು ಕನ್ನಡಕ ಒರೆಸಿಕೊಂಡರು. ಪಕ್ಕದಲ್ಲೇ ಇದ್ದ ಮಹಾನಂದಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಅವಳು ಗುರುಪಾದಪ್ಪನ ಅಕ್ಕನ ಮಗಳು. ಊರ ಹೊರಗಿನ ಗುಡ್ಡದ ಮೇಲಿನ ಕ್ಯಾನ್ಸರ್ ಸಂಶೋಧನಾಲಯದಲ್ಲಿ ವಿಜ್ಞಾನಿ. ಕಾಲೇಜಿಗೆ ಹೋಗುವಾಗ ಬಸ್ಸು ತಪ್ಪಬಾರದೆಂದು ಇದೇ ಮಾವ ಅವಳ ಬಸ್ಸಿನ ಹೆಸರನ್ನು ಎರಡೆರಡು ಸಲ ಕೂಗುತ್ತಿದ್ದ.

"ಸರ್, ಒಂದೂವರೆ ತಿಂಗಳು ಕೊಡ್ರಿ," ಎಂದಳು. "ನಮ್ಮ ಔಷಧಿ ಮನುಷ್ಯರ ಮ್ಯಾಲೆ ನೋಡಾಕ ಪರವಾನಗಿ ಸಿಕ್ಕೈತಿ."

"ಕುತ್ತಿಗಿ ಗಂಟಿಗೆ ಇಳೀತಂದ್ರ ನಾಲಿಗಿ ಮಾತು ಬಿಡು, ಮನಿಷ್ಯಾನ ಉಳಿಯೂದಿಲ್ಲ. ಅದು ಗೊತ್ತದಲ್ಲ ನಿನಗ?"

"ಗೊತ್ತೈತ್ರಿ."

ಇನಾಮದಾರರು ಕೊನೆಗೆ ಒಪ್ಪಿದರು. ಆದರೆ ಪ್ರತಿ ವಾರ ತಾವೇ ಕುತ್ತಿಗೆ ಮುಟ್ಟಿ ನೋಡುವುದು, ಬಟಾಣಿ ಕಾಳಿನಷ್ಟು ಗಂಟು ಕೈಗೆ ಹತ್ತಿದರೂ ಅವತ್ತೇ ನಾಲಿಗೆ ಕತ್ತರಿಸುವುದು ಎಂಬ ಷರತ್ತು ಹಾಕಿದರು. ಗುರುಪಾದಪ್ಪ ತಲೆಯಾಡಿಸಿದ. ಮಹಾನಂದಾಳಿಗೆ ಲೆಕ್ಕ ಸ್ಪಷ್ಟವಿತ್ತು. ಗೆದ್ದರೆ ಮಾವನ ದನಿ ಉಳಿಯುತ್ತದೆ, ಸೋತರೆ ಕಳೆದ ದಿನಗಳಿಗೆ ಮಾವನ ಜೀವವೇ ಬೆಲೆ. ಸ್ವಂತದವರ ವಿಷಯದಲ್ಲಿ ತಕ್ಕಡಿ ವಾಲಬಾರದೆಂದು ಔಷಧಿಯ ಪ್ರಮಾಣ ನಿರ್ಧರಿಸುವ ಕೆಲಸವನ್ನು ಅವಳು ಸಹೋದ್ಯೋಗಿಗಳಿಗೆ ಬಿಟ್ಟುಕೊಟ್ಟಳು.

ಮನೆಯಲ್ಲಿ ಸಂಗವ್ವನಿಗೆ ಇದನ್ನೆಲ್ಲ ತಿಳಿಸಿ ಹೇಳುವುದು ದೊಡ್ಡ ಕೆಲಸವಾಯಿತು. ಸಂಗವ್ವ ಗುರುಪಾದಪ್ಪನ ಹೆಂಡತಿ. ಗಂಡನ ಮಾತು ಬಿಟ್ಟು ಉಳಿದವರ ಮಾತನ್ನೆಲ್ಲ ಅನುಮಾನದಿಂದ ಕೇಳುವವಳು. ಗಂಡನ ಮಾತನ್ನು ಕೇಳುತ್ತಲೇ ಇರಲಿಲ್ಲ. ಮಹಾನಂದಾ ಹೋದಾಗ ಅವಳು ಹಿತ್ತಲಲ್ಲಿ ನೂಲಿನ ಸೀರೆಗೆ ಗಂಜಿ ಹಾಕುತ್ತಿದ್ದಳು.

"ಅತ್ತಿ, ಗಂಜಿ ಭಾಳ ಆದ್ರ ಏನಾಕ್ಕೈತಿ?"

"ಪದರಕ್ಕ ಪದರ ಅಂಟಿ ಕುಂದರ್ತೈತಿ. ಬಿಡಸೂದ್ರಾಗ ಸಾಕಾಗಿ ಹೋಕ್ಕೈತಿ. ಯಾಕ?"

"ಮಾಮಾನ ನಾಲಿಗ್ಯಾಗ ಆಗಿದ್ದೂ ಅದ."

ನಮ್ಮ ಒಂದೊಂದು ಜೀವಕೋಶದೊಳಗೂ ಆಳೆತ್ತರಕ್ಕಿಂತ ಉದ್ದದ ಡಿಎನ್ಎ ನೂಲಿದೆ. ಕಣ್ಣಿಗೆ ಕಾಣದ ಅಷ್ಟು ಜಾಗದಲ್ಲಿ ಅದು ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು, ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿರುತ್ತದೆ. ಈ ಮಡಿಕೆಗಳ ಗಂಟಿಗೇ ಕ್ರೊಮಾಟಿನ್ ಎನ್ನುವುದು. ನೂಲಿನ ಮೈಯೆಲ್ಲ ಋಣವಿದ್ಯುತ್ತು ಇರುವುದರಿಂದ ಮಡಿಕೆಗಳು ಒಂದನ್ನೊಂದು ದೂರ ತಳ್ಳಬೇಕು. ಪಾಲಿಅಮೀನ್ ಎಂಬ ಪುಟ್ಟ ಅಣುಗಳು ಧನವಿದ್ಯುತ್ತು ಹೊತ್ತು ನಡುವೆ ಬಂದು ಕೂತರೆ ಜಗಳ ನಿಲ್ಲುತ್ತದೆ, ಮಡಿಕೆಗಳು ಅಂಟಿಕೊಳ್ಳುತ್ತವೆ. ಹಿತಮಿತವಾಗಿದ್ದರೆ ಇವು ಬೇಕಾದವೇ. ಇವಿಲ್ಲದೆ ಯಾವ ಜೀವವೂ ಬೆಳೆಯದು. ಆದರೆ ಕ್ಯಾನ್ಸರ್ ಕೋಶ ಇವನ್ನು ಮಿತಿಮೀರಿ ತಯಾರಿಸಿ, ಬೆಳೆಯಲು ಬೇಕಾದ ಪುಟಗಳನ್ನಷ್ಟೇ ತೆರೆದಿಟ್ಟುಕೊಂಡು, "ಸಾಕು ನಿಲ್ಲು, ನೀನು ನಾಲಿಗೆಯ ಚರ್ಮ" ಎಂದು ಬರೆದಿರುವ ಪುಟಗಳನ್ನು ಅಂಟಿಸಿಬಿಡುತ್ತದೆ. ಓದಲಾಗದ ಕೋಶ ತಾನು ಯಾರೆಂಬುದನ್ನೇ ಮರೆತು ಬೆಳೆಯುತ್ತಲೇ ಹೋಗುತ್ತದೆ.

ಆ ಪುಟಗಳನ್ನು ಮತ್ತೆ ಬಿಡಿಸಿದರೆ? ಕೋಶವನ್ನು ಕೊಲ್ಲದೆ, ಕತ್ತರಿಸದೆ, ಅದಕ್ಕೆ ಅದರ ಹೆಸರು ನೆನಪು ಮಾಡಿಕೊಟ್ಟರೆ? ಮಹಾನಂದಾ ಹತ್ತು ವರ್ಷ ಈ ಒಂದು ಪ್ರಶ್ನೆಯನ್ನೇ ಉಂಡು ಮಲಗಿದ್ದಳು. ಕೋಶದೊಳಗಿನ ಪಾಲಿಅಮೀನ್ ಕಾರ್ಖಾನೆಗೆ ಬೀಗ ಹಾಕುವ ಅವಳ ಔಷಧಿಗೆ 'ಸಡಿಲಿನ್' ಎಂದು ಹೆಸರು.

"ಔಷಧಿಗೂ ನನ್ನ ಚಡ್ಡಿ ಲಾಡಿಗೂ ಒಂದ ಹೆಸರು ಇಟ್ಟೀಯಲ್ಲವಾ," ಎಂದು ಗುರುಪಾದಪ್ಪ ನೋವಿನಲ್ಲೂ ನಕ್ಕ.

ಸಂಗವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಗಂಜಿ ತೊಳೀಬೇಕಂದ್ರ ನೀರಾಗ ನೆನಿಬೇಕವಾ. ಜಗ್ಗಿದ್ರ ಸೀರಿ ಹರೀತೈತಿ. ಹುಷಾರು."

ಪಾಲಿಅಮೀನ್ ಹೆಚ್ಚಿರುವ ಆಹಾರವನ್ನೂ ಬಿಡಬೇಕಿತ್ತು. ಮೊಳಕೆ ಕಾಳು, ಹಸಿ ಬಟಾಣಿ, ಅಣಬೆ, ಇಡೀ ಗೋದಿ, ಜೋಳ, ಕಿತ್ತಳೆ ಬೇಡ. ಬಿಳಿ ಅನ್ನ, ಹಾಲು, ಬೆಣ್ಣೆ, ರವೆ, ಸಾಬೂದಾಣಿ ಆಗಬಹುದು. ರೊಟ್ಟಿಯೂ ಹೋಯಿತೆಂದು ತಿಳಿದಾಗ ಗುರುಪಾದಪ್ಪ, ಕ್ಯಾನ್ಸರ್ ಎಂದಾಗಲೂ ಇಳಿಬಿಡದ ಮುಖವನ್ನು ಇಳಿಬಿಟ್ಟ.

ಪ್ರಯೋಗಾಲಯದಲ್ಲಿ ಸುರುಳಿಗನ್ನಡಿ ಎಂಬ ಯಂತ್ರವಿತ್ತು. ಪೆನ್ನಿನಂಥ ಕಡ್ಡಿಯೊಂದನ್ನು ಹುಣ್ಣಿಗೆ ತಾಗಿಸಿದರೆ ಸಾಕು, ಅದರ ತುದಿಯ ಮೆಲ್ಲನೆಯ ಬೆಳಕು ಬದುಕಿರುವ ಕೋಶದೊಳಗೇ ಹೊಕ್ಕು ಕ್ರೊಮಾಟಿನ್ ಎಷ್ಟು ಬಿಗಿದಿದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುತ್ತಿತ್ತು. ಬಿಗಿದದ್ದು ಕಪ್ಪು, ಸಡಿಲಿದ್ದು ಹಳದಿ. ಮೊದಲ ದಿನ ಗುರುಪಾದಪ್ಪನ ನಾಲಿಗೆಯಂಚು ಕಾಡಿಗೆ ಬಳಿದಂತೆ ಕಂಡಿತು.

ಎರಡನೆಯ ವಾರ ಕಪ್ಪಿನಲ್ಲಿ ಅಲ್ಲಲ್ಲಿ ಸಾಸಿವೆಯಷ್ಟು ಹಳದಿ ಮೂಡಿತು. ಮಹಾನಂದಾ ಪ್ರಯೋಗಾಲಯದಲ್ಲೇ ಚಪ್ಪಾಳೆ ತಟ್ಟಿದಳು. ಮೂರನೆಯ ವಾರ ಆ ಹಳದಿ ಮಾಯ. ನಾಲ್ಕನೆಯ ವಾರ ಮತ್ತಷ್ಟು ಕಪ್ಪು. ರಕ್ತದಲ್ಲಿ ಔಷಧಿ ಇರಬೇಕಾದಷ್ಟೇ ಇತ್ತು. ಕೋಶದ ಕಾರ್ಖಾನೆಗೆ ಬೀಗ ಬಿದ್ದೇ ಇತ್ತು. ಅಷ್ಟಾದರೂ ಒಳಗೆ ಪಾಲಿಅಮೀನ್ ತುಂಬಿ ತುಳುಕುತ್ತಿತ್ತು. ಕಾರ್ಖಾನೆ ಮುಚ್ಚಿದ ಊರಿಗೆ ಸರಕು ಹೊರಗಿನಿಂದಲೇ ಬರುತ್ತಿರಬೇಕು, ಆದರೆ ಎಲ್ಲಿಂದ? ಕರುಳಿನ ಬ್ಯಾಕ್ಟೀರಿಯಾ ಇರಬಹುದೆಂದು ಅದಕ್ಕೂ ಮದ್ದು ಕೊಟ್ಟು ನೋಡಿದಳು. ಏನೂ ಬದಲಾಗಲಿಲ್ಲ.

ಇನಾಮದಾರರು ಕುತ್ತಿಗೆ ಮುಟ್ಟಿ ನೋಡಿ, "ಇನ್ನೂ ಏನೂ ಇಲ್ಲ. ಆದ್ರ ಹುಣ್ಣು ಬೆಳೆದದ," ಎಂದರು. ಮಹಾನಂದಾಳನ್ನು ಹೊರಗೆ ಕರೆದರು. "ನಾ ಕಟುಕ ಅಲ್ಲ ತಂಗಿ. ನನಗೂ ಅವರ ದನಿ ಬೇಕು. ಬರೋ ವಾರದ ಕೊನಿಗೆ ಥಿಯೇಟರ್ ಹಿಡಿದಿಟ್ಟೀನಿ. ಅಲ್ಲಿತನಕ ನೋಡು."

ಅವಳು ಆ ವಾರ ಅತ್ತೆಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡಿದಳು. ಸಂಗವ್ವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಗಂಡನ ನಾಲಿಗಿ ಅದು. ನಾ ಒಂದು ಕಾಳೂ ನೆನಿಹಾಕಿಲ್ಲ, ಒಂದು ರೊಟ್ಟಿನೂ ಬಡಿದಿಲ್ಲ. ಬೇಕಾದ್ರ ಆಣಿ ಮಾಡ್ತೀನಿ!" ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಮಹಾನಂದಾ ತಲೆ ತಗ್ಗಿಸಿಕೊಂಡು ಹೊರಗೆ ಬಂದಳು.

ಬೇರೆ ದಾರಿ ಕಾಣದೆ, ಮಾವನನ್ನು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಪ್ರಯೋಗಾಲಯದಲ್ಲೇ ಕೂರಿಸಿಕೊಂಡಳು. ಗಳಿಗೆ ಗಳಿಗೆಗೂ ಕಡ್ಡಿ ತಾಗಿಸಿ ನೋಡುವುದೆಂದು ಲೆಕ್ಕ. ಬೆಳಿಗ್ಗೆ ಪರದೆಯ ಮೇಲೆ ಕಪ್ಪಿನ ನಡುವೆ ಹಳದಿ ಚುಕ್ಕೆಗಳಿದ್ದವು. ಮಧ್ಯಾಹ್ನದವರೆಗೂ ಇದ್ದವು. ಆಗ ಗುರುಪಾದಪ್ಪ ಬಟ್ಟೆಗಂಟು ಬಿಚ್ಚಿ ಸ್ಟೀಲ್ ಡಬ್ಬಿ ತೆಗೆದ.

"ಬಾ, ಉಣ್ಣು. ಹಾಲಿನ ಪಾಯಸ. ಇದಿಲ್ಲದಿದ್ರ ಈ ಬಿಳಿ ಅನ್ನದ ಕಾಟಕ್ಕ ನಾ ಎಂದೋ ಸನ್ಯಾಸಿ ಆಗ್ತಿದ್ದೆ."

ಬೆಳ್ಳಗೆ, ನುಣ್ಣಗೆ, ಏಲಕ್ಕಿ ಘಮದ ಪಾಯಸ. ರವೆ ಹಾಲಿನಲ್ಲಿ ಕುದಿಸಿದ್ದಾರೆ ಎಂದುಕೊಂಡು ಮಹಾನಂದಾ ಬಟ್ಟಲು ತುಂಬ ಹಾಕಿಸಿಕೊಂಡು ತಿಂದಳು. ಎಷ್ಟೋ ದಿನದ ಮೇಲೆ ಊಟ ರುಚಿಸಿತು. ಅತ್ತೆಯ ಕೈರುಚಿ ಇಷ್ಟು ಸುಧಾರಿಸಿದೆಯೇ ಎಂದು ಬೆರಗೂ ಆಯಿತು.

ಉಂಡು ಸ್ವಲ್ಪ ಹೊತ್ತಿಗೆ ಕಡ್ಡಿ ತಾಗಿಸಿದಳು. ಹುಣ್ಣಿನ ಅಂಚಿನ ಹಳದಿ ಚುಕ್ಕೆಗಳು ಒಂದೊಂದಾಗಿ ಆರುತ್ತಿದ್ದವು. ಅವಳು ನೋಡುತ್ತಿದ್ದಂತೆಯೇ ಕಪ್ಪು ಹೊರಗಿನಿಂದ ಒಳಗೆ ಹರಿಯಿತು. ಅವಳ ಬಾಯಲ್ಲಿ ಇನ್ನೂ ಏಲಕ್ಕಿಯ ರುಚಿ ಇತ್ತು.

"ಮಾಮಾ, ಈ ಪಾಯಸ ಅತ್ತಿ ಮಾಡಿದ್ದೇನು?"

"ನಿಮ್ಮತ್ತಿಗೆ ಇಷ್ಟು ಛಲೋ ಎಲ್ಲಿ ಬರ್ತೈತಿ! ನಮ್ಮ ಓಣಿ ಕಸ್ತೂರೆವ್ವನ ಬುತ್ತಿ. ಎರಡು ವಾರ ಆತು, ದಿನಾ ಒಂದೊಂದು ಮನಿಯವ್ರು ಕಳಿಸ್ತಾರ. ಗೋದಿಗೆ ಮೊಳಕಿ ಬರಿಸಿ, ಅರದು, ಹಾಲು ಹಿಂಡಿ ಮಾಡ್ತಾಳಂತ. ಕಾಳು ಸೋಸಿ ಚೆಲ್ಲತಾಳ, ಬರೇ ಹಾಲಷ್ಟ. ಬ್ಯಾನಿ ಬಿದ್ದವ್ರಿಗೆ ಬಲ ಬರ್ತೈತಂತ. ಓಣಿ ಮಂದಿಗೆಲ್ಲಾ ಆಕಿನ ಕಲಿಸ್ಯಾಳ."

ಮಹಾನಂದಾ ಡಬ್ಬಿಯ ತಳದಲ್ಲಿ ಉಳಿದ ಪಾಯಸವನ್ನು ಗೋರಿಕೊಂಡು, ಅಣುಗಳನ್ನು ತೂಗಿ ಗುರುತಿಸುವ ಯಂತ್ರಕ್ಕೆ ಕೊಟ್ಟಳು. ಜಗತ್ತಿನ ದುಬಾರಿ ಯಂತ್ರವೊಂದಕ್ಕೆ ಹಾಲಿನ ಪಾಯಸ ಉಣಿಸುವುದನ್ನು ಕಂಡು ಸಹೋದ್ಯೋಗಿಗಳು ನಕ್ಕರು. ಉತ್ತರ ಬಂದಾಗ ನಗು ನಿಂತಿತು. ಪಾಲಿಅಮೀನಿನ ಗೆರೆ ಪರದೆಯ ನೆತ್ತಿ ದಾಟಿ ಹೋಗಿತ್ತು. ಬೀಜ ಮೊಳೆಯುವುದೆಂದರೆ ಬೆಳೆಯುವ ಆತುರ, ಆ ಆತುರಕ್ಕೆ ಬೇಕಾದದ್ದೇ ಈ ಅಣು. ಕಸ್ತೂರೆವ್ವನ ಮಾತು ಸುಳ್ಳಲ್ಲ, ಮೊಳಕೆ ಬಲ ಕೊಡುತ್ತಿತ್ತು. ಗುರುಪಾದಪ್ಪನಿಗೆ ಕೊಡುವ ಮೊದಲು ಅವನ ಹುಣ್ಣಿಗೆ ಕೊಡುತ್ತಿತ್ತು, ಯಾಕೆಂದರೆ ಪ್ರತಿ ತುತ್ತೂ ಆ ಹುಣ್ಣನ್ನು ಸವರಿಕೊಂಡೇ ಒಳಗೆ ಹೋಗುತ್ತಿತ್ತು.

ಮಹಾನಂದಾಳಿಗೆ ಅಳುವೂ ಬಂತು, ಕುಣಿಯಬೇಕೆನ್ನಿಸುವಷ್ಟು ಖುಷಿಯೂ ಆಯಿತು. ಔಷಧಿ ಸೋತಿರಲಿಲ್ಲ!

ಸಂಜೆ ಮನೆಗೆ ಹೋಗಿ ಹೇಳಿದಾಗ ಸಂಗವ್ವ ಗೋಡೆಗೆ ಒರಗಿ ಕೂತುಬಿಟ್ಟಳು. "ನೀ ಅಡಿಗಿ ಅಂದಿದ್ದಿ. ನಾ ನನ್ನ ಒಲಿ ಮ್ಯಾಲಿಂದು ಅಷ್ಟ ನೋಡ್ಕೊಂಡೆ. ಬುತ್ತಿ ಅಂದ್ರ ಅಡಿಗಿ ಏನವಾ? ಅದು ಮಂದಿ ಅಂತಃಕರಣ." ಆಮೇಲೆ ತಾನೇ ತಲೆಯೆತ್ತಿ ಕೇಳಿದಳು. "ಈಗ ಬ್ಯಾಡ ಅನ್ನೂದು ಹ್ಯಾಂಗ? ಬುತ್ತಿ ಹೊಳ್ಳಿ ಕಳಿಸಿದ್ರ ಸಂಬಂಧ ಹರಕೊಂಡಂಗ. ಒಬ್ರಿಗೆ ಬ್ಯಾಡಂದು ಇನ್ನೊಬ್ರಿಂದ ಇಸಗೊಂಡ್ರ ಮತ್ತೂ ಕೆಟ್ಟ."

ಸಂಗವ್ವನ ಸಂಕಟ ಸಣ್ಣದಲ್ಲ. ಆ ಓಣಿಯಲ್ಲಿ ಬೇನೆ ಬಿದ್ದವರ ಮನೆಗೆ ಬುತ್ತಿ ಕಟ್ಟುವುದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಬಿಡು ಎಂದು ಹೇಳಿದವರೂ ಇರಲಿಲ್ಲ. ಗುರುಪಾದಪ್ಪ ಒಂದು ನಿಮಿಷ ಗಡ್ಡ ಕೆರೆದುಕೊಂಡ. ಆಮೇಲೆ ಎದ್ದು ಮಾಳಿಗೆ ಹತ್ತಿದ. ಬಾಯಿಯ ಸುತ್ತ ಎರಡೂ ಕೈ ಹಿಡಿದ.

"ಓಣಿಯ ಸಮಸ್ತ ಬಂಧುಗಳ ಗಮನಕ್ಕೆ!"

ದನಿ ಸೀಳಿತ್ತು, ನಾಲಿಗೆ ತೊಡರುತ್ತಿತ್ತು. ಆದರೂ ಕಿಟಕಿಗಳು ತೆರೆದವು, ನಲ್ಲಿಗೆ ನಿಂತವರು ಕೊಡ ಕೆಳಗಿಟ್ಟರು.

"ಮೊಳಕೆ ಗೋದಿಯ ಪಾಯಸವನ್ನು ಇಂದಿನಿಂದ ರದ್ದುಪಡಿಸಲಾಗಿದೆ! ಮಡಕಿ ಕಾಳಿನ ಉಸುಳಿಯೂ ರದ್ದು! ಬಿಳಿ ಅನ್ನ, ಹಾಲು, ಸಾಬೂದಾಣಿಗಳು ಎಂದಿನಂತೆ ಸಂಚರಿಸಲಿವೆ. ಗುರುಪಾದಪ್ಪನ ನಾಲಿಗೆಗೆ ಮುಂದಿನ ವಾರ ಕತ್ತರಿ ಬೀಳುವುದನ್ನು ತಪ್ಪಿಸಲು ಎಲ್ಲರೂ ಸಹಕರಿಸಬೇಕಾಗಿ ವಿನಂತಿ. ತಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ!"

ಮೊದಲು ಓಣಿಯೆಲ್ಲ ನಕ್ಕಿತು. ಆಮೇಲೆ ಕಸ್ತೂರೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿಬಂದಳು. "ನನ್ನ ಕೈಲೆ ಇಂಥಾದ್ದು ಮಾಡಿಸಿದೇನೋ ದೇವ್ರ" ಎಂದು ಹೊಸ್ತಿಲಲ್ಲೇ ಕುಸಿದಳು. ಮಹಾನಂದಾ ಅವಳ ಕೈ ಹಿಡಿದು ಎಬ್ಬಿಸಿದಳು.

"ಚಿಗವ್ವ, ನಿನ್ನ ಪಾಯಸ ಇರದಿದ್ರ ಈ ರೋಗ ಎಲ್ಲಿಂದ ಉಣ್ಣಾಕತ್ತೈತಿ ಅಂತ ನನಗ ತಿಳೀತಿದ್ದಿಲ್ಲ. ಔಷಧಿನ ಸುಳ್ಳು ಅಂತ ಬಿಸಾಕ್ತಿದ್ದೆ. ಅಳಬ್ಯಾಡ. ನಾಳೆ ಅನ್ನ-ಹಾಲು ಕಳಿಸು."

ಮರುದಿನದಿಂದ ಬುತ್ತಿಗಳ ಬಣ್ಣ ಬದಲಾಯಿತು. ಸಾಬೂದಾಣಿಯಲ್ಲಿ ಎಷ್ಟು ಬಗೆ ಮಾಡಬಹುದೆಂದು ಓಣಿಯ ಹೆಂಗಸರಲ್ಲಿ ಪೈಪೋಟಿಯೇ ಹತ್ತಿತು. ಕಸ್ತೂರೆವ್ವ ಮಾತ್ರ ಪ್ರತಿ ಡಬ್ಬಿಯನ್ನೂ ಹೊಸ್ತಿಲಲ್ಲೇ ತಡೆದು, ಮುಚ್ಚಳ ತೆಗೆಸಿ, ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಕಾಳೂ ಒಳಗೆ ಹೋಗುವಂತಿರಲಿಲ್ಲ.

ಪರದೆಯ ಮೇಲೆ ಹಳದಿ ಹಿಂತಿರುಗಿತು. ಈ ಸಲ ಸಾಸಿವೆಯಂತೆ ಅಲ್ಲ, ಅಂಚಿನಿಂದ ಅಂಚಿಗೆ ಹರಡಿಕೊಂಡು ಬಂತು. ಮಡಿಕೆಗಳು ಬಿಟ್ಟವು. ಅಂಟಿದ್ದ ಪುಟಗಳನ್ನು ಕೋಶ ಓದತೊಡಗಿತು. ಬೆಳವಣಿಗೆ ನಿಲ್ಲಿಸುವ ಪ್ರೋಟೀನುಗಳು ಮೊದಲು ಕಂಡವು, ಮರುದಿನ ಚರ್ಮದ ಕೋಶ ಮಾತ್ರ ತಯಾರಿಸುವ ಕೆರಾಟಿನ್ ಕಂಡಿತು. ಮಹಾನಂದಾ ಪರದೆಗೆ ಅಂಗೈ ಇಟ್ಟು ನಿಂತಳು. ವರ್ಷಗಟ್ಟಲೆ ದಾರಿ ತಪ್ಪಿದ್ದ ಕೋಶಗಳು ಅವಳ ಕಣ್ಣೆದುರಿಗೆ ನಾಲಿಗೆಯಾಗುತ್ತಿದ್ದವು. "ಓದ್ರಿ, ಓದ್ರಿ," ಎಂದು ಅವಳು ಅವುಗಳಿಗೇ ಹೇಳಿದಳು, ಕೇಳುವವರು ಯಾರಾದರೂ ಇದ್ದಾರೆಯೇ ಎಂದೂ ನೋಡಲಿಲ್ಲ.

ಹುಣ್ಣು ಕುಗ್ಗಿದ್ದು ಬರಿಗಣ್ಣಿಗೂ ಕಾಣುತ್ತಿತ್ತು. ಆದರೆ ಇನಾಮದಾರರು ಪರದೆಯ ಬಣ್ಣ ನಂಬುವವರಲ್ಲ. "ಬಣ್ಣ ಹೋಳಿ ಹುಣ್ಣಿಮಿಗೂ ಇರ್ತದ. ನನಗ ಮಾಂಸ ಬೇಕು," ಎಂದರು. ಗೊತ್ತುಪಡಿಸಿದ ದಿನ ಗುರುಪಾದಪ್ಪನನ್ನು ಥಿಯೇಟರಿಗೆ ತೆಗೆದುಕೊಂಡೇ ಹೋದರು. ಹುಣ್ಣಿದ್ದ ಜಾಗದಿಂದ ತುಣುಕುಗಳನ್ನು ತೆಗೆದು, ಆಗಿಂದಾಗಲೇ ಮಂಜಿನಂತೆ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ನೋಡುವುದು. ಒಂದರಲ್ಲಿ ಕ್ಯಾನ್ಸರ್ ಕಂಡರೂ ಅದೇ ಮೇಜಿನ ಮೇಲೆ ಅರ್ಧ ನಾಲಿಗೆ ತೆಗೆಯುವುದು. ಗುರುಪಾದಪ್ಪ ಅದಕ್ಕೂ ಸಹಿ ಹಾಕಿದ್ದ.

ಹೊರಗೆ ಬೆಂಚಿನ ಮೇಲೆ ಸಂಗವ್ವ, ಮಹಾನಂದಾ ಕೂತರು. ಸಂಗವ್ವ ಮೊದಲ ಸಲ ಮನಸ್ಸು ಬಿಚ್ಚಿ, "ಅವರು ಬಸ್ಸಿನ ಹೆಸರು ಕೂಗೂದು ಕೇಳಿನ ನಾ ಮದುವಿಗೆ ಒಪ್ಪಿದ್ದು. ಮಾರಿ ಆಮ್ಯಾಲೆ ನೋಡಿದ್ದು," ಎಂದಳು. ಮಹಾನಂದಾ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಹೆಚ್ಚು ಹೊತ್ತು ಉರಿದಷ್ಟೂ ಒಳಗೆ ಕತ್ತರಿ ಎತ್ತಿಕೊಂಡಿದ್ದಾರೆ ಎಂದೇ ಅರ್ಥ ಎಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಬಾಗಿಲು ತೆರೆಯಿತು. ಇನಾಮದಾರರು ಮುಖವಸ್ತ್ರ ಕೆಳಗೆಳೆದು, ಗೋಡೆಗೆ ಒರಗಿ ನಿಂತರು.

"ಇಷ್ಟು ಹೊತ್ತು ಯಾಕ ಹತ್ತಿತು ಗೊತ್ತದೇನು? ತುಣುಕು ತೆಗೆದು ನೋಡಿದ್ವಿ, ಏನೂ ಸಿಗಲಿಲ್ಲ. ಜಾಗ ತಪ್ಪಿತೇನೋ ಅಂತ ಸುತ್ತಲೂ ತೆಗೆದ್ವಿ. ಅಲ್ಲೂ ಇಲ್ಲ. ಮತ್ತೂ ಆಳಕ್ಕ ಹೋದ್ವಿ." ಅವರು ಕೈಗವಸು ಕಳಚಿದರು. "ನಾಲಿಗಿ ಅದ ತಂಗಿ. ಬರೇ ನಾಲಿಗಿ."

ಸಂಗವ್ವ ಹೋ ಎಂದು ಅತ್ತಳು. ಆಸ್ಪತ್ರೆಯ ಪಡಸಾಲೆಯಲ್ಲಿ ಅಷ್ಟು ಜೋರಾಗಿ ಸಂತೋಷಕ್ಕೆ ಅತ್ತವರನ್ನು ನರ್ಸುಗಳು ನೋಡಿರಲಿಲ್ಲ. ಮಹಾನಂದಾ ಅಳಲಿಲ್ಲ, ನಗಲೂ ಇಲ್ಲ, ಬೆಂಚಿನ ಮೇಲೆ ಕೂತಲ್ಲೇ ಕಾಲು ಚಾಚಿ ದೀರ್ಘವಾಗಿ ಉಸಿರುಬಿಟ್ಟಳು.

ಗಾಯ ಮಾಯ್ದ ಮೇಲೆ, ಒಂದು ಬೆಳಿಗ್ಗೆ, ಇನಾಮದಾರರು ಗುಡ್ಡ ಹತ್ತಿ ಪ್ರಯೋಗಾಲಯಕ್ಕೆ ಬಂದರು. ಜೊತೆಗೆ ರೇಣವ್ವ ಎಂಬ ಹೆಂಗಸಿದ್ದಳು, ಮಾರುಕಟ್ಟೆಯಲ್ಲಿ ಹೂವು ಮಾರುವವಳು. ಅವಳ ನಾಲಿಗೆಯಲ್ಲೂ ಅದೇ ಗಂಟು. ಮಾತಾಡಲು ಕಷ್ಟವಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಡ್ಡಿ ಕಂಡು ಹಿಂದೆ ಸರಿದಳು.

ತಪಾಸಣೆಗೆ ಬಂದಿದ್ದ ಗುರುಪಾದಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟ. "ಕೂಡವಾ ತಂಗಿ. ನೋಯೂದಿಲ್ಲ," ಎಂದ. ಮಾತು ತುಂಬು ದನಿಯಲ್ಲಿ, ಒಂದಕ್ಷರವೂ ತೊಡರದೆ ಬಂತು. ರೇಣವ್ವ ಥಟ್ಟನೆ ತಲೆಯೆತ್ತಿದಳು. ಆ ದನಿಯನ್ನು ಅವಳು ದಿನಾ ಹೂವಿನ ಬುಟ್ಟಿ ಹೊತ್ತು ಬಸ್ಸಿಳಿಯುವಾಗ ಕೇಳುತ್ತಿದ್ದಳು. ಅವನ ಮುಖವನ್ನೂ ಬಾಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಸಿ, ತಾನಾಗಿ ಬಾಯಿ ತೆರೆದಳು.

ಮಹಾನಂದಾ ಕಡ್ಡಿ ತಾಗಿಸಿದಳು. ಪರದೆ ತುಂಬ ಕಪ್ಪು ಹಬ್ಬಿತು.

"ಎಲ್ಲಾ ಕರ್ರಗ ಐತಲ್ಲರೀ?" ಎಂದು ರೇಣವ್ವ ತೊದಲುತ್ತ ಕೇಳಿದಳು.

"ಐತಿ," ಎಂದಳು ಮಹಾನಂದಾ. "ಇದನ್ನ ಬಿಡಸೂದು ನಮಗ ಬರ್ತೈತಿ."

ಇನಾಮದಾರರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಆ ವಾರದ ಶಸ್ತ್ರಚಿಕಿತ್ಸೆಗಳಿಂದ ರೇಣವ್ವನ ಹೆಸರನ್ನು ಅವರು ತಮ್ಮ ಕೈಯಾರೆ ಹೊಡೆದುಹಾಕಿಯೇ ಬಂದಿದ್ದರು.